ಕೇಳದೆ ತೆಗೆದ ತುಪ್ಪ

ನಮ್ಮ ಮನೆಯ ಜೇನುತುಪ್ಪ ಸೋಂದೆಯ ಸುತ್ತಿನ ಹಲವು ಮನೆಗಳ ದೇವರ ಮುಂದೆ ಹೋಗುತ್ತದೆ. ಪಂಚಾಮೃತಕ್ಕೆ ಅದು ಬೇಕು. ಮದುವೆಗೆ ಬಂದ ವರನಿಗೆ ಕೊಡುವ ಮಧುಪರ್ಕಕ್ಕೆ ಬೇಕು. ಜಾತಕರ್ಮದಲ್ಲಿ ಕೂಸಿನ ನಾಲಿಗೆಗೆ ಬೇಕು, ಶ್ರಾದ್ಧದ ದಿನ ಪಿಂಡಕ್ಕೂ ಬೇಕು. ಇಷ್ಟು ಪವಿತ್ರವೆಂದು ನಾವು ನಂಬಿದ ಪದಾರ್ಥವನ್ನು ಇದೇ ಊರಿನಲ್ಲಿ ಮುಟ್ಟದ ಮನೆಗಳೂ ಇವೆ. ನಮ್ಮಲ್ಲಿಗೆ ಆಗಾಗ ಬರುವ ಜೈನ ಮಾಸ್ತರರೊಬ್ಬರಿದ್ದಾರೆ. ಶಾಲೆಯಿಂದ ನಿವೃತ್ತರಾಗಿ ಈಗ ತೋಟ ನೋಡಿಕೊಂಡಿದ್ದಾರೆ. ಬಂದರೆ ಬೆಲ್ಲ-ನೀರು ಕುಡಿಯುತ್ತಾರೆ, ಬಾಳೆಹಣ್ಣು ತಿನ್ನುತ್ತಾರೆ, ಜೇನಿನ ಸೀಸೆ ಮುಂದಿಟ್ಟರೆ ಕೈಮುಗಿದು ಬೇಡ ಅನ್ನುತ್ತಾರೆ. ಒಮ್ಮೆ ಅವರು ಕೇಳಿದರು: "ತಂಗೀ, ಇದನ್ನು ನಿಮಗೆ ಕೊಟ್ಟವರು ಯಾರು?"

ಜಗಳಕ್ಕೆ ಕೇಳಿದ ಮಾತಲ್ಲ. ಅವರಿಗೆ ನಿಜವಾಗಿ ಉತ್ತರ ಬೇಕಿತ್ತು. ಜೇನು ಸಾಕಿ, ತುಪ್ಪ ಮಾರಿ, ಅದರಿಂದ ಬಂದ ದುಡ್ಡಿನಲ್ಲಿ ಮನೆ ನಡೆಸುವ ನನಗೂ ಬೇಕು. ಹೂವು ಜೇನುಹುಳುವಿಗೆ ಕೊಡುತ್ತದೆ, ಜೇನುಹುಳು ನಮಗೆ ಕೊಡುತ್ತದೆ ಎಂದು ಮಕ್ಕಳ ಪಾಠದಲ್ಲಿ ಬರೆದಿರುತ್ತದೆ. ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದವರು ಯಾರೂ ಹಾಗೆ ಬರೆಯಲಾರರು. ಅಲ್ಲಿ ಯಾರೂ ನಮಗೆ ಏನನ್ನೂ ಕೊಡುತ್ತಿಲ್ಲ. ನಾವೇ ತೆಗೆಯುತ್ತಿದ್ದೇವೆ. ಹಾಗೆ ತೆಗೆಯುವುದು ಧರ್ಮವೇ ಎಂಬುದನ್ನು ವಿಚಾರ ಮಾಡಬೇಕು.

ಇಂಥ ವಿಚಾರಕ್ಕೆ ಸೋಂದೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸ್ವರ್ಣವಲ್ಲಿಯಲ್ಲಿ ಅದ್ವೈತದ ಮಠ, ವಾದಿರಾಜರ ಬೃಂದಾವನವಿರುವ ದ್ವೈತದ ಮಠ, ಅಕಲಂಕರ ಹೆಸರಿನ ಪರಂಪರೆಯ ದಿಗಂಬರ ಜೈನ ಮಠ, ಮೂರೂ ಒಂದೇ ಸೀಮೆಯಲ್ಲಿವೆ. ಸುತ್ತ ಶಾಲ್ಮಲೆಯ ಕಾಡು, ಅಡಿಕೆ ತೋಟ, ತೋಟಕ್ಕೆ ಸೊಪ್ಪು ಒದಗಿಸುವ ಬೆಟ್ಟ. ಈ ಬೆಟ್ಟದ ನೇರಳೆ, ಮತ್ತಿ, ಹುಣಾಲು ಮರಗಳೇ ನಮ್ಮ ಜೇನಿಗೆ ಅನ್ನ.

ನಾವು ಸಾಕುವುದು ತುಡುವೆ ಜೇನು. ಹೆಜ್ಜೇನಿನ ಹಾಗೆ ಬಯಲಲ್ಲಿ ಒಂದೇ ದೊಡ್ಡ ರೊಟ್ಟು ಕಟ್ಟುವುದಲ್ಲ, ಮರದ ಪೊಟರೆಯಲ್ಲೋ ಹುತ್ತದಲ್ಲೋ ಕತ್ತಲಲ್ಲಿ ಸಾಲಾಗಿ ರೊಟ್ಟು ಕಟ್ಟಿಕೊಂಡು ಬಾಳುವ ಜಾತಿ. ಅಂಗಳದಂಚಿನಲ್ಲಿ, ತೋಟದ ದಾರಿಯಲ್ಲಿ ಪೆಟ್ಟಿಗೆಗಳನ್ನು ಇಟ್ಟಿದ್ದೇವೆ. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲು. ಹಳೆಯ ಮಣ್ಣಿನ ಗೋಡೆಯ ಬಿರುಕಿನಲ್ಲಿ ಒಂದು ಮಿಸರಿ ಸಂಸಾರವೂ ಇದೆ. ಚುಚ್ಚದ ಪುಟ್ಟ ಹುಳು, ವರ್ಷಕ್ಕೆ ಒಂದು ಲೋಟದಷ್ಟೂ ಆಗದ ಹುಳಿಸಿಹಿ ತುಪ್ಪ. ಅದನ್ನು ನಾವು ಮಾರುವುದಿಲ್ಲ. ಬಾಣಂತಿಗೋ ಕೆಮ್ಮು ಹಿಡಿದವರಿಗೋ ಅತ್ತೆ ಚಮಚದ ಲೆಕ್ಕದಲ್ಲಿ ಕೊಡುತ್ತಾರೆ.

ಕೆಲಸ ಮನೆಯವರೆಲ್ಲರದು. ಪೆಟ್ಟಿಗೆ ತೆರೆದು ಚೌಕಟ್ಟು ಎತ್ತುವವರು ನನ್ನ ಯಜಮಾನರು. ಹೊಗೆ ಹಿಡಿಯುವವಳು, ರಾಣಿ ಇದೆಯೇ, ಮೊಟ್ಟೆ ಎಷ್ಟಿದೆ, ಬಂಡು (ಪರಾಗ) ಬರುತ್ತಿದೆಯೇ ಎಂದು ನೋಡಿ ಪಟ್ಟಿಯಲ್ಲಿ ಬರೆಯುವವಳು ನಾನು. ತುಪ್ಪ ಸೋಸುವುದು ಅತ್ತೆಯ ಕೆಲಸ. ಸೀಸೆಗೆ ಚೀಟಿ ಅಂಟಿಸುವವಳು ಮಗಳು. ಯಾವ ಹೂವಿನ ಕಾಲದ ತುಪ್ಪ, ಯಾವ ತಿಂಗಳು ತೆಗೆದದ್ದು ಎಂದು ಅವಳ ಕೈಬರಹದಲ್ಲೇ ಇರುತ್ತದೆ. ಆಳು ಇಟ್ಟು ಮಾಡುವ ಉದ್ಯೋಗ ಇದಲ್ಲ. ಪ್ರತಿ ಸಂಸಾರದ ಗುಣ ನೆನಪಿನಲ್ಲಿರಬೇಕು, ಅದು ಗುರುತಿಟ್ಟು ನೋಡುವವರಿಗೆ ಮಾತ್ರ ಸಾಧ್ಯ.

ಈಗ ಮಾಸ್ತರರ ಪ್ರಶ್ನೆಗೆ ಬರುತ್ತೇನೆ. ಅದರ ಹಿಂದೆ ಒಂದು ದೊಡ್ಡ ಪರಂಪರೆ ನಿಂತಿದೆ. ಜೈನ ಗೃಹಸ್ಥರಿಗೆ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಸೇರಿದೆ. ಮುನಿಗಳಿಗಷ್ಟೇ ಹೇಳಿದ್ದಲ್ಲ, ಸಂಸಾರ ಮಾಡುವ ಪ್ರತಿಯೊಬ್ಬರಿಗೂ ಮೊದಲ ಮೆಟ್ಟಿಲಲ್ಲೇ ಹೇಳಿದ್ದು. ಜೇನನ್ನು ಮಾಂಸದ ಪಕ್ಕದಲ್ಲಿ ಇಟ್ಟಿದ್ದಾರೆ. ನಮ್ಮ ಕಡೆಯ ಶಾಸ್ತ್ರವೂ ಇದರಿಂದ ದೂರವಿಲ್ಲ. ಮನುಸ್ಮೃತಿಯಲ್ಲಿ ಬ್ರಹ್ಮಚಾರಿಗೂ ವಾನಪ್ರಸ್ಥನಿಗೂ ಮಧು ಮತ್ತು ಮಾಂಸ ಎರಡನ್ನೂ ಒಟ್ಟಿಗೇ ನಿಷೇಧಿಸಿದೆ. ಅಂದರೆ ಜೇನನ್ನು ದೇವರಿಗೆ ಅಭಿಷೇಕ ಮಾಡುವ ಪರಂಪರೆಗೂ ಅದು ನಿರುಪದ್ರವಿ ಪದಾರ್ಥವಲ್ಲ ಎಂಬುದು ತಿಳಿದಿತ್ತು.

ಏಕೆ ಎಂಬುದು ಹಳೆಯ ಪದ್ಧತಿ ಕಂಡವರಿಗೆ ಗೊತ್ತು. ಪೊಟರೆಗೆ ಬೆಂಕಿಯ ಸೂಡಿ ಹಿಡಿದು, ಹುಳುಗಳನ್ನು ಸುಟ್ಟು ಓಡಿಸಿ, ರೊಟ್ಟನ್ನು ಪೂರಾ ಕಿತ್ತು, ತುಪ್ಪದ ಭಾಗವನ್ನೂ ಮರಿಯ ಭಾಗವನ್ನೂ ಒಟ್ಟಿಗೆ ಹಿಂಡುತ್ತಿದ್ದರು. ಬಟ್ಟೆಯಲ್ಲಿ ಹಿಂಡಿ ಬಂದದ್ದರಲ್ಲಿ ಮರಿಹುಳುವಿನ ರಸವೂ ಇರುತ್ತಿತ್ತು. ಒಂದು ಪಾತ್ರೆ ತುಪ್ಪಕ್ಕೆ ಒಂದು ಇಡೀ ಸಂಸಾರ ಹೋಗುತ್ತಿತ್ತು. ಹತ್ತನೆಯ ಶತಮಾನದ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಒಂದು ತೊಟ್ಟು ಜೇನಿನಲ್ಲೂ ಹಿಂಸೆ ಇದೆ ಎಂದು ವಾದಿಸಿದಾಗ ಅವರ ಕಣ್ಣ ಮುಂದೆ ಇದ್ದದ್ದು ಇಂಥ ಕೊಯ್ಲೇ ಇರಬೇಕು.

ಈ ಹಿಂಸೆಯನ್ನು ಬಹುಮಟ್ಟಿಗೆ ನಿಲ್ಲಿಸಿದ್ದು ಒಂದು ಸಣ್ಣ ಅಳತೆ. ಜೇನುಹುಳು ತನ್ನ ಗೂಡಿನಲ್ಲಿ ಓಡಾಟಕ್ಕೆಂದು ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಜಾಗ ಬಿಡುತ್ತದೆ. ಅದಕ್ಕಿಂತ ಕಿರಿದಾದ ಸಂದನ್ನು ಅಂಟಿನಿಂದ ಮುಚ್ಚುತ್ತದೆ, ಅಗಲವಾದರೆ ಅಲ್ಲೂ ರೊಟ್ಟು ಕಟ್ಟುತ್ತದೆ. 1851ರಲ್ಲಿ ಅಮೆರಿಕದ ಲಾರೆಂಜೊ ಲ್ಯಾಂಗ್‌ಸ್ಟ್ರಾತ್ ಈ ಅಳತೆಯನ್ನು ಹಿಡಿದು ಚೌಕಟ್ಟುಗಳ ಪೆಟ್ಟಿಗೆ ಮಾಡಿದರು. ರೊಟ್ಟನ್ನು ಕಡಿಯದೆ ಎತ್ತಿ ನೋಡಿ ಮತ್ತೆ ಅಲ್ಲೇ ಇಡಬಹುದಾಯಿತು. 1865ರಲ್ಲಿ ಫ್ರಾಂಜ್ ಹ್ರುಷ್ಕಾ ರೊಟ್ಟನ್ನು ತಿರುಗಿಸಿ ತುಪ್ಪ ಮಾತ್ರ ಸಿಡಿಸುವ ಯಂತ್ರ ತೋರಿಸಿದರು. ಖಾಲಿ ರೊಟ್ಟು ಹುಳುಗಳಿಗೆ ವಾಪಸ್ಸು ಸಿಗತೊಡಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಮಿಳು ಸೀಮೆಯಲ್ಲಿದ್ದ ಫಾದರ್ ನ್ಯೂಟನ್ ನಮ್ಮ ತುಡುವೆಯ ಮೈಗೆ ಹೊಂದುವ ಚಿಕ್ಕ ಪೆಟ್ಟಿಗೆ ಮಾಡಿ ಜನರಿಗೆ ಕಲಿಸಿದರು. ನಮ್ಮ ಅಂಗಳದಲ್ಲಿರುವುದು ಅದೇ ಮಾದರಿ. ಲ್ಯಾಂಗ್‌ಸ್ಟ್ರಾತ್ ಪಾದ್ರಿ, ನ್ಯೂಟನ್ ಕೂಡ ಪಾದ್ರಿ. ಹಿಂಸೆ ಇಲ್ಲದ ಕೊಯ್ಲಿಗೆ ದಾರಿ ಮಾಡಿದವರಲ್ಲಿ ಇಬ್ಬರು ಧರ್ಮದ ಕೆಲಸಕ್ಕೆ ಜೀವನ ಕೊಟ್ಟವರು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಪೆಟ್ಟಿಗೆಯಲ್ಲಿ ಎರಡು ಅಂತಸ್ತು. ಕೆಳಗಿನದು ಸಂಸಾರ ಕೋಣೆ, ಅಲ್ಲಿ ರಾಣಿ ಮೊಟ್ಟೆಯಿಡುತ್ತದೆ, ಮರಿಗಳು ಬೆಳೆಯುತ್ತವೆ, ಮರಿಗಳ ಮೇಲಂಚಿನಲ್ಲಿ ಮನೆಖರ್ಚಿನ ತುಪ್ಪ ಇರುತ್ತದೆ. ಮೇಲಿನದು ಜೇನು ಕೋಣೆ. ನಾವು ಕೈ ಹಾಕುವುದು ಮೇಲಿನದಕ್ಕೆ ಮಾತ್ರ. ರೊಟ್ಟಿನ ಕಣ್ಣುಗಳಿಗೆ ಹುಳುಗಳು ಮೇಣದ ಮುಚ್ಚಳ ಹಾಕಿದ ಮೇಲೆಯೇ ತುಪ್ಪ ಹಣ್ಣಾಗಿದೆ ಎಂದು ಅರ್ಥ. ಮುಚ್ಚಳ ಬೀಳದ ತುಪ್ಪ ನೀರಾಗಿರುತ್ತದೆ, ಹುಳಿಯುತ್ತದೆ. ಅವಸರ ಮಾಡಿದರೆ ಹುಳುವಿಗೂ ಮೋಸ, ತಿನ್ನುವವರಿಗೂ ಮೋಸ.

ಇಷ್ಟು ಹೇಳಿದ ಮೇಲೆ ಮಾಸ್ತರರು ಒಪ್ಪಬೇಕಿತ್ತಲ್ಲ? ಒಪ್ಪಲಿಲ್ಲ, ಒಪ್ಪದಿರಲು ಅವರಿಗೆ ಕಾರಣವಿದೆ. ಅಮೃತಚಂದ್ರರು ತಾನಾಗಿ ತೊಟ್ಟಿಕ್ಕಿದ ಜೇನನ್ನೂ ಬಿಡಬೇಕೆಂದವರು, ಅದನ್ನು ಆಶ್ರಯಿಸಿದ ಸೂಕ್ಷ್ಮ ಜೀವಿಗಳಿಗೆ ಹಾನಿಯಾಗುತ್ತದೆ ಎಂಬುದು ಅವರ ವಾದ. ಅದಿರಲಿ, ಎಷ್ಟು ಹಗುರ ಕೈಯಿಂದ ಚೌಕಟ್ಟು ಇಳಿಸಿದರೂ ಒಂದೆರಡು ಹುಳು ಸಿಕ್ಕಿ ಸಾಯುವುದುಂಟು. ನಾನು ಸಂಸಾರವನ್ನು ಎಣಿಸುತ್ತೇನೆ, ಸಾವಿರಾರು ಹುಳುಗಳಲ್ಲಿ ಎರಡು ಹೋದರೆ ಸಂಸಾರಕ್ಕೆ ಬಾಧೆಯಿಲ್ಲ ಎನ್ನುತ್ತೇನೆ. ಮಾಸ್ತರರು ಜೀವವನ್ನು ಎಣಿಸುತ್ತಾರೆ. ಸತ್ತ ಹುಳುವಿಗೆ ಸಂಸಾರ ಉಳಿದದ್ದರಿಂದ ಏನು ಬಂತು ಎಂಬುದು ಅವರ ಪ್ರಶ್ನೆ. ಇದಕ್ಕೆ ನನ್ನಲ್ಲಿ ಮರುಮಾತಿಲ್ಲ, ಇದೆಯೆಂದು ನಟಿಸಲೂ ಬಾರದು.

ಆದರೆ ಜೈನ ಚಿಂತನೆಯೇ ನನ್ನಂಥವಳಿಗೆ ಒಂದು ದಾರಿಯನ್ನೂ ತೋರಿಸುತ್ತದೆ. ಹಿಂಸೆಯಲ್ಲಿ ನಾಲ್ಕು ಬಗೆ ಎಂದು ಮಾಸ್ತರರೇ ಬಿಡಿಸಿ ಹೇಳಿದರು: ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ, ಮನೆಗೆಲಸದಲ್ಲಿ ಆಗುವ ಆರಂಭೀ, ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವ ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ. ಗೃಹಸ್ಥ ಮೊದಲನೆಯದನ್ನು ಪೂರಾ ಬಿಡಬೇಕು, ಉಳಿದವನ್ನು ಆದಷ್ಟು ಕುಗ್ಗಿಸಬೇಕು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿಗಳು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಎಚ್ಚರಗೇಡಿತನವನ್ನು ಮುಂದಿಟ್ಟಿದ್ದಾರೆ. ಪೆಟ್ಟಿಗೆ ತೆರೆಯುವವರಿಗೆ ಇದಕ್ಕಿಂತ ಉಪಯೋಗದ ಶಾಸ್ತ್ರವಾಕ್ಯ ಬೇರೆ ಬೇಕಿಲ್ಲ. ಚಳಿಯಲ್ಲಿ ತೆರೆಯಬಾರದು, ಮರಿಗಳು ತಣ್ಣಗಾಗುತ್ತವೆ. ಮಳೆ ಹನಿಯುವಾಗ ತೆರೆಯಬಾರದು. ಹೊಗೆ ಕಣ್ಣುರಿಯುವಷ್ಟು ಇರಬಾರದು. ಚೌಕಟ್ಟು ಬಿಸಿಲಿಗೆ ಹಿಡಿದು ಮಾತಾಡುತ್ತ ನಿಲ್ಲಬಾರದು. ಇವೆಲ್ಲ ಸಾಕಣೆಯ ಪಾಠಗಳೆಂದು ನಾವು ಕಲಿತದ್ದು. ನನ್ನ ಮಟ್ಟಿಗೆ ಈಗ ಅವು ವ್ರತಗಳು.

ಹಿಂಸೆಯ ಆರೋಪಕ್ಕೆ ಪೆಟ್ಟಿಗೆ ಅರ್ಧ ಉತ್ತರ ಕೊಟ್ಟಿತು. ಆದರೆ ಮಾಸ್ತರರು ಕೇಳಿದ್ದು ಕೊಲೆಯ ವಿಷಯವಲ್ಲ. ಕೊಟ್ಟವರು ಯಾರು ಎಂದು ಕೇಳಿದ್ದರು. ಕೊಡದೇ ಇದ್ದದ್ದನ್ನು ತೆಗೆದುಕೊಂಡರೆ ಅದು ಕಳವು ಎಂಬುದು ಅಚೌರ್ಯ ವ್ರತದ ತಿರುಳು. ಈ ಆರೋಪಕ್ಕೆ ನ್ಯೂಟನ್ ಪೆಟ್ಟಿಗೆಯಲ್ಲಿ ಉತ್ತರವಿಲ್ಲ.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ತೆಗೆದುಕೊಳ್ಳುವುದನ್ನು ಹೇಗೆ ಧರ್ಮವಾಗಿಸಬೇಕು ಎಂದು ಕಲಿಸುವಾಗ ನಮ್ಮ ಎಲ್ಲ ಪರಂಪರೆಗಳೂ ಬೆರಳು ತೋರಿಸಿದ್ದು ಜೇನುಹುಳುವಿನ ಕಡೆಗೇ. ಹೂವಿನ ಬಣ್ಣ, ಪರಿಮಳ ಕೆಡಿಸದೆ ರಸ ಹೀರಿ ಹೋಗುವ ದುಂಬಿಯ ಹಾಗೆ ಮುನಿ ಊರಿನಲ್ಲಿ ಸಂಚರಿಸಬೇಕು ಎಂಬ ಮಾತು ಬೌದ್ಧರ ಧಮ್ಮಪದದಲ್ಲಿದೆ. ಶ್ವೇತಾಂಬರ ಜೈನರ ದಶವೈಕಾಲಿಕ ಸೂತ್ರ ಮೊದಲ ಅಧ್ಯಾಯದಲ್ಲೇ ಈ ಹೋಲಿಕೆಯನ್ನು ಎತ್ತಿಕೊಳ್ಳುತ್ತದೆ. ದಿಗಂಬರ ಮುನಿಗಳ ಆಹಾರಕ್ಕೆ ಭ್ರಾಮರೀ ವೃತ್ತಿ ಎಂಬ ಹೆಸರೇ ಇದೆ. ನಮ್ಮ ಸಂನ್ಯಾಸಿಗಳು ಮನೆಮನೆಯಲ್ಲಿ ತುತ್ತು ತುತ್ತಾಗಿ ಬೇಡುವುದಕ್ಕೆ ಮಧುಕರಿ ಭಿಕ್ಷೆ ಎನ್ನುತ್ತೇವೆ. ಯಾವ ಮನೆಗೂ ಭಾರವಾಗದಂತೆ, ಒಂದೇ ಮನೆಯನ್ನು ಬರಿದು ಮಾಡದಂತೆ ತೆಗೆದುಕೊಳ್ಳುವುದು ಇದರ ಸಾರ. ಮನುಷ್ಯನಿಗೆ ಸಂಯಮ ಕಲಿಸಿದ ಈ ಗುರುವಿನ ಕಣಜಕ್ಕೇ ಮನುಷ್ಯ ಕೈ ಹಾಕುತ್ತಾನೆ. ಹಾಗಾದರೆ ಜೇನುಹುಳು ಹೂವಿನಿಂದ ತೆಗೆದುಕೊಳ್ಳುವ ರೀತಿಯಲ್ಲಾದರೂ ನಾವು ಜೇನುಹುಳುವಿನಿಂದ ತೆಗೆದುಕೊಳ್ಳುತ್ತಿದ್ದೇವೆಯೇ? ನನ್ನ ದೃಷ್ಟಿಯಲ್ಲಿ ಜೇನು ಸಾಕಣೆಯ ಧರ್ಮಪ್ರಶ್ನೆ ಇದೊಂದೇ.

ಹುಳು ಹೂವಿನಿಂದ ರಸ ಒಯ್ದರೆ ಹೂವಿಗೆ ನಷ್ಟವಿಲ್ಲ. ರಸ ಇರುವುದೇ ಕರೆಯುವುದಕ್ಕೆ. ಬಂದ ಹುಳು ಬಂಡು ಹೊತ್ತು ಇನ್ನೊಂದು ಹೂವಿಗೆ ಮುಟ್ಟಿಸಿದರೆ ಗಿಡ ಕಾಯಿ ಕಟ್ಟುತ್ತದೆ. ಜೇನುಹುಳುವಿಗೆ ಮನುಷ್ಯನಿಂದ ಅಂಥ ಲಾಭವೇನಿದೆ? ಮನೆ ಕೊಟ್ಟಿದ್ದೇವೆ ಎಂದು ಕೆಲವರು ಹೇಳುತ್ತಾರೆ. ತುಡುವೆಗೆ ಪೊಟರೆ ಸಾಕು, ಅದು ನಮ್ಮನ್ನು ಮನೆ ಕೇಳಿಕೊಂಡು ಬಂದಿಲ್ಲ. ಕುರ್‌ಆನಿನ ಅನ್ನಹ್ಲ್ ಎಂಬ ಅಧ್ಯಾಯದಲ್ಲಿ ಬೆಟ್ಟದಲ್ಲೂ ಮರದಲ್ಲೂ ಮನುಷ್ಯರು ಕಟ್ಟಿದ್ದರಲ್ಲೂ ಮನೆ ಮಾಡಿಕೋ ಎಂದು ದೇವರು ಜೇನಿಗೆ ತಿಳಿಸಿದನೆಂದೂ ಅದರ ಹೊಟ್ಟೆಯಿಂದ ಬರುವುದರಲ್ಲಿ ಮನುಷ್ಯರಿಗೆ ಉಪಶಮನವಿದೆಯೆಂದೂ ಇದೆ. ಆ ನಂಬಿಕೆಯವರು ಮಾಸ್ತರರಿಗೆ, ಕೊಟ್ಟವನು ದೇವರು ಎಂದು ಉತ್ತರ ಹೇಳಬಹುದು. ನನಗೆ ಆ ಉತ್ತರದಲ್ಲಿ ಗೌರವವಿದೆ. ಆದರೆ ದೇವರು ಕೊಟ್ಟದ್ದು ಎಂದಾದರೆ ಅವನು ಮೊದಲು ಕೊಟ್ಟಿರುವುದು ಹುಳುವಿಗೆ. ಅದರ ಪಾಲು ಮುಗಿದ ಮೇಲೆ ನಮ್ಮ ಪಾಲು.

ತುಡುವೆಯ ಒಂದು ಸ್ವಭಾವ ನನಗೆ ಧೈರ್ಯ ಕೊಡುತ್ತದೆ. ಅದು ಪೂರ್ತಿ ಪಳಗಿದ ಜೀವಿಯಲ್ಲ. ಪದೇಪದೇ ಕೆಣಕಿದರೆ, ತುಪ್ಪ ಬಳಿದು ತೆಗೆದರೆ, ಇರುವೆ-ಕಡಜದ ಕಾಟ ಹೆಚ್ಚಿದರೆ ಒಂದು ಬೆಳಿಗ್ಗೆ ಇಡೀ ಸಂಸಾರ ಎದ್ದು ಹೋಗಿಬಿಡುತ್ತದೆ. ಬೇಲಿಯಿಲ್ಲ, ಹಗ್ಗವಿಲ್ಲ, ಬಾಗಿಲು ಸದಾ ತೆರೆದಿರುತ್ತದೆ. ರಾಣಿಯ ರೆಕ್ಕೆ ಕತ್ತರಿಸಿ, ಬಾಗಿಲಿಗೆ ರಾಣಿತಡೆ ಹಾಕಿ ನಿಲ್ಲಿಸಿಕೊಳ್ಳುವ ಉಪಾಯಗಳಿವೆ. ನಮ್ಮ ಮನೆಯಲ್ಲಿ ಅವು ಬೇಡ ಎಂದು ತೀರ್ಮಾನಿಸಿದ್ದೇವೆ. ಹುಳು ಒಪ್ಪಿ ಕೊಟ್ಟಿದೆ ಎಂದು ನಾನು ಹೇಳಲಾರೆ. ಆದರೆ ಹೋಗಬಲ್ಲ ಜೀವಿ ಹೋಗದೆ ಉಳಿದಿದೆ ಎನ್ನುವುದು ಒಂದು ಸಾಕ್ಷಿ. ಆ ಬಾಗಿಲನ್ನು ನಾವೇ ಮುಚ್ಚಿದರೆ ಆ ಸಾಕ್ಷಿಯೂ ಕಳೆದುಹೋಗುತ್ತದೆ.

ಅಳತೆಯ ಮಾತು ಇಲ್ಲಿಂದ ಬರುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಜೇನಿಗೆ ಹೊರಗೆ ಹೋಗಲು ಬಿಡುವಿಲ್ಲದ ಮಳೆ. ಹೂವಿದ್ದರೂ ರಸ ತೊಳೆದುಹೋಗಿರುತ್ತದೆ. ಮಳೆಗಾಲಕ್ಕೆ ನಾವು ಅಟ್ಟದಲ್ಲಿ ಅಕ್ಕಿ, ಹಪ್ಪಳ, ಸೌದೆ ಕೂಡಿಟ್ಟ ಹಾಗೆಯೇ ಅದು ಬೇಸಿಗೆಯಲ್ಲಿ ತುಪ್ಪ ಕೂಡಿಡುತ್ತದೆ. ಮೇ ಕೊನೆಯಲ್ಲಿ ಮತ್ತೊಂದು ಸುತ್ತು ತೆಗೆಯಬಹುದಲ್ಲ ಎಂಬ ಆಸೆ ಸಾಕುವವರೆಲ್ಲರಿಗೂ ಬರುತ್ತದೆ. ಆಗ ಅತ್ತೆಯ ಮಾತು ಒಂದೇ: "ಮಳೆಗಾಲಕ್ಕೆ ಅವಕ್ಕೂ ಬೇಕಲ್ದ?" ಅಷ್ಟಕ್ಕೆ ಯಂತ್ರ ತೊಳೆದು ಒಳಗಿಡುತ್ತೇವೆ.

ಪೂರ್ತಿ ತೆಗೆದುಕೊಂಡು ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡುವುದು ಎಲ್ಲೆಡೆ ರೂಢಿಯಲ್ಲಿದೆ. ತೀರಾ ಬಡವಾದ ಸಂಸಾರಕ್ಕೆ ನಾವೂ ಪಾಕ ಕೊಡುತ್ತೇವೆ, ಉಪವಾಸ ಕೆಡವಿ ನೀತಿ ಮಾತಾಡುವುದರಲ್ಲಿ ಅರ್ಥವಿಲ್ಲ. ಆದರೆ ಆಪತ್ತಿಗೆ ಪಾಕ ಕೊಡುವುದು ಬೇರೆ, ಅದರ ತುಪ್ಪವನ್ನೆಲ್ಲ ಮಾರುವ ಲೆಕ್ಕಾಚಾರದಿಂದಲೇ ಸಕ್ಕರೆ ಕೊಡುವುದು ಬೇರೆ. ಎರಡನೆಯದರಲ್ಲಿ ನಾವು ದುಬಾರಿ ಅನ್ನ ಕಸಿದುಕೊಂಡು ಅಗ್ಗದ ಅನ್ನ ಕೊಟ್ಟಿರುತ್ತೇವೆ. ದೇವತೆಗಳಿಂದ ಪಡೆದದ್ದಕ್ಕೆ ಪ್ರತಿಯಾಗಿ ಏನನ್ನೂ ಅರ್ಪಿಸದೆ ಉಣ್ಣುವವನನ್ನು ಗೀತೆಯ ಮೂರನೆಯ ಅಧ್ಯಾಯ ಕಳ್ಳನೆಂದೇ ಕರೆಯುತ್ತದೆ. ಮಾಸ್ತರರ ಅಚೌರ್ಯವೂ ನಮ್ಮ ಯಜ್ಞದ ಮಾತೂ ಅಲ್ಲಿ ಬಂದು ಒಂದಾಗುತ್ತವೆ.

ಎಲ್ಲ ಜೇನನ್ನೂ ಮನುಷ್ಯನ ಕೈಗೆ ತಂದುಕೊಳ್ಳಬಾರದು ಎಂಬುದನ್ನೂ ನಮ್ಮ ಸೀಮೆ ಕಂಡು ಕಲಿತಿದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗೆ ತಗುಲಿತು. ಮರಿಹುಳು ಕೋಶವಾಗುವ ಮೊದಲೇ ನೀರು ತುಂಬಿದ ಚೀಲದಂತಾಗಿ ರೊಟ್ಟಿನ ಕಣ್ಣಿನಲ್ಲೇ ಸಾಯುತ್ತದೆ. ಕರ್ನಾಟಕ, ಕೇರಳ, ತಮಿಳುನಾಡಿನಲ್ಲಿ ಸಾಕಿದ ಸಂಸಾರಗಳಲ್ಲಿ ಬಹುಪಾಲು ಅಳಿದವು. ಯಜಮಾನರ ತಂದೆ ಖಾಲಿ ಪೆಟ್ಟಿಗೆಗಳನ್ನು ಕೊಟ್ಟಿಗೆಯ ಮಾಡಿನಲ್ಲಿ ಒಟ್ಟಿದ್ದರಂತೆ. ಆ ರೋಗಕ್ಕೆ ಔಷಧ ಇರಲಿಲ್ಲ, ಈಗಲೂ ಇಲ್ಲ. ತುಡುವೆ ಮತ್ತೆ ಎದ್ದು ಬಂದದ್ದು ಕಾಡಿನಿಂದ. ಪೊಟರೆಗಳಲ್ಲಿ ರೋಗ ತಡೆದುಕೊಂಡು ಉಳಿದ ಸಂಸಾರಗಳು ಪಾಲಾಗಿ ಮತ್ತೆ ಊರ ಕಡೆ ಬಂದವು. ನಾವು ಇಂದು ಸಾಕುತ್ತಿರುವುದು ಅವುಗಳ ಸಂತಾನ. ನಮ್ಮ ಕಸುಬನ್ನು ಉಳಿಸಿದ್ದು ಮನುಷ್ಯ ಕೈ ಹಾಕದೆ ಬಿಟ್ಟ ಜೇನು. ಅದಕ್ಕೇ ಬೆಟ್ಟದಲ್ಲಿ ಕಂಡ ಪ್ರತಿ ಪೊಟರೆಯನ್ನೂ ಪೆಟ್ಟಿಗೆಗೆ ಇಳಿಸಬೇಕೆಂಬ ಹಂಬಲ ನಮಗೆ ಇಲ್ಲ.

ಇನ್ನು ಸತ್ಯದ ಮಾತು. ಒಂದೊಂದು ಹೂವಿನ ಕಾಲದ ತುಪ್ಪವನ್ನು ಬೇರೆಬೇರೆಯಾಗಿ ತೆಗೆಯುವುದು ನಮ್ಮ ಮನೆಯ ರೂಢಿ. ಮಾರ್ಚ್-ಏಪ್ರಿಲ್‌ನಲ್ಲಿ ನೇರಳೆ ಹೂಬಿಟ್ಟಾಗಿನ ತುಪ್ಪ ಕಪ್ಪಗಿರುತ್ತದೆ, ಕೊನೆಯಲ್ಲಿ ತುಸು ಒಗರು-ಕಹಿ ಉಳಿಯುತ್ತದೆ. ಮಳೆಗೆ ಮುಂಚೆ ಮತ್ತಿ ಅರಳಿದ ವರ್ಷ ಬೇರೆಯದೇ ರುಚಿ. ಗುರಿಗೆ ಹೂವಿನ ತುಪ್ಪ ವರ್ಷವರ್ಷ ಸಿಗುವುದಿಲ್ಲ. ಏಳೆಂಟು ವರ್ಷಕ್ಕೊಮ್ಮೆ ಘಟ್ಟದ ಇಳಿಜಾರು ಪೂರ್ತಿ ಹೂವಾದಾಗ ಮಾತ್ರ ಸಿಗುತ್ತದೆ, ಆಮೇಲೆ ಗಿಡವೇ ಸಾಯುತ್ತದೆ. ಇಂಥ ತುಪ್ಪಕ್ಕೆ ಪೇಟೆಯಲ್ಲಿ ಒಳ್ಳೆಯ ಬೆಲೆ. ಬೆಲೆಯ ಜೊತೆಗೆ ಸುಳ್ಳಿನ ಸೆಳೆತವೂ ಬರುತ್ತದೆ.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಜೇನಿನ ದೃಷ್ಟಾಂತ ಹೇಳುತ್ತಾನೆ. ಹುಳುಗಳು ನಾನಾ ಮರಗಳ ರಸ ತಂದು ಒಂದೇ ರಸ ಮಾಡುತ್ತವೆ, ಆಮೇಲೆ ನಾನು ಇಂಥ ಮರದ್ದು ಎಂಬ ವಿವೇಕ ಯಾವ ರಸಕ್ಕೂ ಇರುವುದಿಲ್ಲ. ಜೀವಗಳೂ ಸತ್ತಿನಲ್ಲಿ ಹಾಗೆ ಒಂದಾಗುತ್ತವೆ ಎಂದು ಸ್ವರ್ಣವಲ್ಲಿಯ ಪರಂಪರೆ ಇದನ್ನು ಓದುತ್ತದೆ. ರಸಗಳಿಗೆ ತಿಳಿಯದಿದ್ದರೂ ಅವುಗಳ ಭೇದ ಉಳಿದೇ ಇರುತ್ತದೆ ಎಂದು ಮಧ್ವರ ಪರಂಪರೆ ಓದುತ್ತದೆ. ತುಪ್ಪ ಸೋಸುವ ಮನೆಯಲ್ಲಿ ಈ ಎರಡು ಓದುಗಳೂ ನಿಜವಾಗಿ ಕಾಣುತ್ತವೆ. ನಾಲಿಗೆಗೆ ಅದು ಒಂದೇ ರಸ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರಳೆಯ ಪರಾಗ, ಸೀಗೆಯ ಪರಾಗ, ಅಡಿಕೆ ಸಿಂಗಾರದ ಪರಾಗ ಬೇರೆಬೇರೆಯಾಗಿ ನಿಂತಿರುತ್ತವೆ. ಒಂದೇ ಹೂವಿನ ತುಪ್ಪ ಎಂದು ಕರೆಯಬೇಕಾದರೆ ಸಾಮಾನ್ಯವಾಗಿ ಶೇ. 45ಕ್ಕಿಂತ ಹೆಚ್ಚು ಪರಾಗ ಆ ಗಿಡದ್ದಾಗಿರಬೇಕು ಎಂಬ ನಿಯಮ ತಜ್ಞರಲ್ಲಿದೆ. ಅಂದಮೇಲೆ ಪೂರಾ ಒಂದೇ ಮರದ ತುಪ್ಪ ಎಂಬುದು ಇಲ್ಲ. ಅದಕ್ಕೆ ಮಗಳು ಚೀಟಿಯಲ್ಲಿ "ನೇರಳೆ ಹೂಬಿಟ್ಟಾಗಿನ ತುಪ್ಪ" ಎಂದು ಬರೆಯುತ್ತಾಳೆ. ಹುಳು ಎಲ್ಲೆಲ್ಲಿ ಹೋಗಿತ್ತೋ ನಾವು ಕಂಡಿಲ್ಲ. ಕಂಡಷ್ಟನ್ನೇ ಬರೆಯುವುದು ಸತ್ಯ.

ದೊಡ್ಡ ಪೇಟೆಯ ವ್ಯಾಪಾರಿಯೊಬ್ಬರು ಒಮ್ಮೆ ನೇರಳೆ ತುಪ್ಪವನ್ನು ವರ್ಷಪೂರ್ತಿ ತಿಂಗಳಿಗಿಷ್ಟು ಎಂದು ಕಳಿಸಬಹುದೇ ಎಂದು ಕೇಳಿದ್ದರು. ನೇರಳೆ ವರ್ಷಪೂರ್ತಿ ಹೂಬಿಡುವುದಿಲ್ಲ ಎಂದು ಹೇಳಿದೆ. "ಅದನ್ನು ಹೇಗಾದರೂ ಹೊಂದಿಸಿ" ಎಂದರು. ಹೊಂದಿಸುವುದು ಎಂದರೆ ಏನೆಂದು ಈ ದೇಶಕ್ಕೆ 2020ರ ಡಿಸೆಂಬರಿನಲ್ಲಿ ತಿಳಿಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡುಗಳ 22 ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆ ದಾಟಿದ್ದು ಐದು ಮಾತ್ರ. ಉಳಿದವುಗಳಲ್ಲಿ ಸಕ್ಕರೆ ಪಾಕದ ಬೆರಕೆಯ ಶಂಕೆ. ಆ ಪಾಕ ಎಷ್ಟು ಜನರ ಪಂಚಾಮೃತಕ್ಕೆ ಹೋಗಿರಬಹುದು, ಎಷ್ಟು ಕೂಸುಗಳ ನಾಲಿಗೆಗೆ ತಾಗಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಬೆಟ್ಟ ಕೊಡುವುದಕ್ಕಿಂತ ಹೆಚ್ಚು ಬೇಕೆಂದು ಹೊರಟ ದಿನವೇ ಬೆರಕೆ ಶುರುವಾಯಿತು. ಜೇನಿನಲ್ಲಿ ಕಳವೂ ಸುಳ್ಳೂ ಒಂದೇ ಬೇರಿನವು, ಎರಡಕ್ಕೂ ಮೂಲ ಅಳತೆ ಮೀರಿದ ಆಸೆ. ಸತ್ಯ, ಅಚೌರ್ಯ, ಅಪರಿಗ್ರಹ ಎಂದು ವ್ರತಗಳನ್ನು ಒಟ್ಟಿಗೆ ಹೇಳಿದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಕಡಿಮೆ ತೆಗೆದುಕೊಂಡರೆ ಕಳವು ಸಣ್ಣದಾಗುತ್ತದೆ, ಇಲ್ಲವಾಗುವುದಿಲ್ಲ. ಹೂವಿಗೆ ಹುಳು ತಿರುಗಿ ಕೊಡುವ ಹಾಗೆ ನಾವು ಹುಳುವಿಗೆ ತಿರುಗಿ ಕೊಡಬೇಕು. ನಮ್ಮಲ್ಲಿ ಅದು ಬೆಟ್ಟದಲ್ಲಿ ನಡೆಯಬೇಕಾದ ಕೆಲಸ. ಅಡಿಕೆ ತೋಟಕ್ಕೆ ಸೊಪ್ಪು ಬೇಕು. ಬೆಟ್ಟದ ಮತ್ತಿ, ನೇರಳೆಗಳ ಟೊಂಗೆಗಳನ್ನು ಕಡಿದು ತಂದು ತೋಟಕ್ಕೆ ಹಾಸುವುದು ತಲೆಮಾರುಗಳ ಪದ್ಧತಿ. ಆದರೆ ಹೀಗೆ ಬೋಳಿಸಿದ ಮರ ಹೂಬಿಡುವುದಿಲ್ಲ. ತೋಟದ ಸೊಪ್ಪು, ಜೇನಿನ ಹೂವು ಎರಡೂ ಒಂದೇ ಮರದ ಒಂದೇ ಟೊಂಗೆಯಿಂದ ಬರಬೇಕು. ಇದು ಪುಸ್ತಕದ ಪ್ರಶ್ನೆಯಲ್ಲ, ಕತ್ತಿ ಹಿಡಿದು ಮರದ ಮೇಲೆ ಕುಳಿತಾಗಿನ ಪ್ರಶ್ನೆ. ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ನಮ್ಮ ಪಾಲಿನ ಬೆಟ್ಟದಲ್ಲಿ ಕೆಲವು ಮರಗಳನ್ನು ಜೇನಿನ ಮರ ಎಂದು ಗುರುತಿಸಿ ಅವುಗಳ ಸೊಪ್ಪು ಮುಟ್ಟುವುದಿಲ್ಲ. ಮಳೆ ಮುಗಿಯುತ್ತಿದ್ದಂತೆ ಅರಳುವ ಹುಣಾಲಿನ ಒಂದು ಟೊಂಗೆಯನ್ನೂ ಕಡಿಯುವುದಿಲ್ಲ, ಏಕೆಂದರೆ ಮಳೆಗಾಲ ಕಳೆದು ಬಡವಾದ ಸಂಸಾರಗಳು ಅದರಿಂದ ಚೇತರಿಸುತ್ತವೆ. ತೋಟಕ್ಕೆ ಸೊಪ್ಪು ಕಡಿಮೆ ಬಿದ್ದ ವರ್ಷ ಯಜಮಾನರು ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು ಸರಿದೂಗಿಸಿದರು. ಇಳುವರಿಯಲ್ಲಿ ಆದ ಸಣ್ಣ ಕೊರತೆಯನ್ನು ನಾವು ಜೇನಿಗೆ ಸಲ್ಲಿಸಿದ ಕಾಣಿಕೆ ಎಂದು ಬರೆದಿಟ್ಟುಕೊಳ್ಳುತ್ತೇವೆ. ಹೂವಿನ ಮೇಲೆ ಕೀಟನಾಶಕ ಹೊಡೆಯುವುದಿಲ್ಲ. ಪಕ್ಕದ ತೋಟದವರಿಗೆ ಹೊಡೆಯಲೇಬೇಕಾದಾಗ ಹುಳು ಗೂಡು ಸೇರಿದ ಸಂಜೆ ಹೊಡೆಯಿರಿ ಎಂದು ಕೇಳಿಕೊಳ್ಳುತ್ತೇವೆ, ಅವರು ನಡೆಸಿಕೊಡುತ್ತಾರೆ.

ಮಾಸ್ತರರಿಗೆ ನನ್ನ ಉತ್ತರ ಈಗ ಇಷ್ಟು. ಇದನ್ನು ನಮಗೆ ಯಾರೂ ಕೊಟ್ಟಿಲ್ಲ, ನಾವು ಕೇಳದೆ ತೆಗೆದಿದ್ದೇವೆ. ದೇವರ ತಲೆಯ ಮೇಲೆ ಎರೆದ ಮಾತ್ರಕ್ಕೆ ಆ ತೆಗೆದದ್ದು ಶುದ್ಧವಾಗುವುದಿಲ್ಲ. ಹುಳುವಿನ ಮಳೆಗಾಲದ ಪಾಲು ಬಿಟ್ಟಿದ್ದರೆ, ಮರಿಗಳ ಕೋಣೆ ಮುಟ್ಟಿರದಿದ್ದರೆ, ಬಾಗಿಲು ತೆರೆದಿಟ್ಟಿದ್ದರೆ, ಸೀಸೆಯ ಮೇಲೆ ಕಂಡಷ್ಟನ್ನೇ ಬರೆದಿದ್ದರೆ, ಬೆಟ್ಟದಲ್ಲಿ ಹೂವಿಗೆಂದು ಮರ ಉಳಿಸಿದ್ದರೆ ಅದು ಕಳವಾಗದೆ ಸಾಲವಾಗುತ್ತದೆ. ಸಾಲ ತೀರಿಸುತ್ತ ಬಾಳುವುದು ಗೃಹಸ್ಥರಿಗೆ ಸಾಧ್ಯವಿರುವ ಧರ್ಮ. ಅವರು ಮುಟ್ಟದೆ ಇರುವುದು ನನ್ನ ದಾರಿಗಿಂತ ದೊಡ್ಡದು ಎಂದು ನಾನು ಒಪ್ಪುತ್ತೇನೆ. ಮುಟ್ಟುವವರಿಗೆ ಇರುವ ಹೊಣೆ ಮಾತ್ರ ನನ್ನದು, ಅದನ್ನು ನಾನು ಇಳಿಸಿಡಲಾರೆ.

ಓದುಗರಿಗೆ ಒಂದು ಮಾತು. ಜೇನು ತಿನ್ನುವವರು ನೀವಾದರೆ ಕಡಿಮೆ ತಿನ್ನಿ, ಸಾಕಿದವರ ಊರು ಮತ್ತು ಹೂವಿನ ಕಾಲ ಕೇಳಿ ಕೊಳ್ಳಿ, ಈ ವರ್ಷ ಸಿಗದು ಎಂದು ಹೇಳುವ ಸಾಕಣೆಗಾರರನ್ನು ನಂಬಿ. ಅಗ್ಗವಾಗಿ ವರ್ಷಪೂರ್ತಿ ಬೇಕೆಂದು ಹಟ ಹಿಡಿಯಬೇಡಿ, ಬೆರಕೆಗೆ ದಾರಿಯಾಗುವುದು ಆ ಹಟವೇ. ತಿನ್ನದವರು ನೀವಾದರೂ ನಿಮ್ಮ ಜಾಗದಲ್ಲಿ ಒಂದು ನೇರಳೆ ನೆಡಿ. ಹುಳುವಿನ ಋಣ ತಿಂದವರಿಗಷ್ಟೇ ಇರುವುದಲ್ಲ, ನಿಮ್ಮ ಹಿತ್ತಲಿನ ಮಾವು, ಸೌತೆ, ಕುಂಬಳ ಕಾಯಿ ಕಟ್ಟಲು ಹೂವಿನಿಂದ ಹೂವಿಗೆ ಹೋಗುವ ಹುಳುಗಳು ಬೇಕೇ ಬೇಕು.